ಮೊಣಕಾಲಿರುವ ಸೇತುವೆ

ಸೈಟ್ ಆಫೀಸು
ಬುಧವಾರ, ಮೇ ೧೪

ಪ್ರೀತಿಯ ಅಪ್ಪ,

ಕಾಗದ ತಡವಾಯಿತು, ಬೈಯಬೇಡ. ಬೈದರೂ ಪರವಾಗಿಲ್ಲ, ಇವತ್ತು ನಾನು ಅಷ್ಟು ಖುಷಿಯಾಗಿದ್ದೇನೆ. ನಿನ್ನೆ ನನ್ನ ಸೇತುವೆ ಪರೀಕ್ಷೆಯಲ್ಲಿ ಪಾಸಾಯಿತು!

ಇದು ನಡೆದು ಹೋಗುವವರಿಗೆಂದೇ ಕಟ್ಟಿದ್ದು. ಹೊಳೆಯ ಆಚೆ ಆಸ್ಪತ್ರೆ, ಈಚೆ ಬಸ್ ನಿಲ್ದಾಣ. ಜನ ಒಂದೇ ಲಯದಲ್ಲಿ ಹೆಜ್ಜೆ ಹಾಕಿದರೆ ಇಂಥ ಸೇತುವೆ ತೂಗತೊಡಗುತ್ತದೆ. ಐಸ್ ಸ್ಕೇಟಿಂಗಿನಲ್ಲಿ ಹಾರಿ ಇಳಿಯುವಾಗ ಮೊಣಕಾಲು ಮಡಿಸು ಮಡಿಸು ಎಂದು ನಮ್ಮ ಕೋಚ್ ಬಡಕೊಳ್ಳುತ್ತಿದ್ದರಲ್ಲ, ಸೇತುವೆಗೂ ಅಂಥ ಮೊಣಕಾಲು ಬೇಕು ಅನ್ನಿಸಿತು. ಅದರ ಅಡಿಯಲ್ಲಿ ಸ್ಪ್ರಿಂಗುಗಳಿಗೆ ಕಬ್ಬಿಣದ ಭಾರಗಳನ್ನು ತೂಗುಹಾಕಿಸಿದೆ. ಮೇಲಿನ ಓಲಾಟವನ್ನೆಲ್ಲ ಅವು ನುಂಗಬೇಕು.

"ಚಾಂಪಿಯನ್ ಮೇಡಂ, ಇದು ಮಂಜುಗಡ್ಡೆ ಅಲ್ಲ, ಉಕ್ಕು" ಎಂದು ನಮ್ಮ ಚೀಫ್ ಎಂಜಿನಿಯರ್ ಮೊದಲಿನಿಂದಲೂ ಮೂಗು ಮುರಿಯುತ್ತಿದ್ದರು. ನಿನ್ನೆ ಅವರನ್ನೂ ಬಿಡಲಿಲ್ಲ. ಗುಮಾಸ್ತರು, ವೆಲ್ಡರುಗಳು, ಕಾವಲುಗಾರ, ಎಲ್ಲರನ್ನೂ ಸೇತುವೆಯ ನಡುಮಧ್ಯೆ ನಿಲ್ಲಿಸಿ ನನ್ನ ಚಪ್ಪಾಳೆಗೆ ಕುಣಿಸಿದೆ.

"ಈ ಹೊಟ್ಟೆ ಹೊತ್ಕೊಂಡು ನಾನೂ ಕುಣೀಬೇಕೇನ್ರೀ?" ಎಂದರು ಚೀಫ್.

"ಆ ಹೊಟ್ಟೆಗೋಸ್ಕರಾನೇ ಸರ್ ನಿಮ್ಮನ್ನ ಕರೆದದ್ದು" ಎಂದೆ.

ಮೊದಲು ಭಾರಗಳನ್ನು ಅಲ್ಲಾಡದಂತೆ ಕಟ್ಟಿಹಾಕಿ ಕುಣಿದೆವು. ಸೇತುವೆ ತೂಗಿದ ರಭಸಕ್ಕೆ ಎಲ್ಲರೂ ಕಂಬಿ ಹಿಡಿದುಕೊಂಡರು, ನನಗೂ ಜೀವ ಬಾಯಿಗೆ ಬಂತು. ಆಮೇಲೆ ಭಾರಗಳನ್ನು ಬಿಚ್ಚಿಸಿ ಮತ್ತೆ ಕುಣಿದೆವು. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ, ಅಪ್ಪ! ಖುಷಿ ತಡೆಯಲಾರದೆ ಅಲ್ಲೇ ಹಾರಿ, ಗಾಳಿಯಲ್ಲಿ ಒಂದು ಸುತ್ತು ತಿರುಗಿ, ಒಂಟಿ ಕಾಲಿನಲ್ಲಿ ಇಳಿದೆ.

"ಮೇಡಂ, ಇದನ್ನೂ ರಿಪೋರ್ಟಲ್ಲಿ ಬರೀಬೇಕಾ?" ಎಂದು ಒಬ್ಬ ವೆಲ್ಡರ್ ಕೇಳಿದ. ಚೀಫ್ ಇನ್ನೂ ಏದುಸಿರು ಬಿಡುತ್ತಿದ್ದರು.

ಮುಂದಿನ ತಿಂಗಳ ಮೊದಲ ಭಾನುವಾರ ಉದ್ಘಾಟನೆ. "ಎಲ್ಲರಿಗಿಂತ ಮೊದಲು ನಿಮ್ಮ ತಂದೆ ನಡೆಯಲಿ" ಎಂದು ಚೀಫ್ ತಾವಾಗಿಯೇ ಹೇಳಿದ್ದಾರೆ. ನೀನು ಬರಲೇಬೇಕು. ಉದ್ಘಾಟನೆಗೆ ಬಾ ಎಂದಾಗ ಫೋನಿನಲ್ಲಿ "ಸೊಂಟ ನೋವು ಕಣಮ್ಮ, ಫೋಟೊ ಕಳಿಸಿಬಿಡು" ಅಂದೆಯಲ್ಲ, ಅದೇ ಸೊಂಟ ಹೊತ್ತುಕೊಂಡು ಮೊನ್ನೆ ನೀರಿನ ಟ್ಯಾಂಕು ತೊಳೆಯಲು ತಾರಸಿ ಹತ್ತಿದ್ದೆಯಂತೆ. ಅತ್ತಿಗೆ ಎಲ್ಲ ಹೇಳಿದ್ದಾರೆ. ನಿನ್ನ ಸಬೂಬು ನನ್ನ ಹತ್ತಿರ ನಡೆಯುವುದಿಲ್ಲ.

ಅಣ್ಣ ಅತ್ತಿಗೆಗೆ ನನ್ನ ನೆನಪು ಹೇಳು. ನಿನ್ನ ಕೈ ಸದಾ ನನ್ನ ತಲೆಯ ಮೇಲಿರಲಿ.

ನಿನ್ನ
ಬುಗುರಿ

ತಾ.ಕ.: ನೀನು ಯಾಕೆ ಬರಲು ಹೆದರುತ್ತೀಯ ಎಂದು ನನಗೆ ಗೊತ್ತು, ಅಪ್ಪ. ಪ್ರತಿ ಪಂದ್ಯಕ್ಕೂ ನನ್ನ ಬೂಟಿನ ಲೇಸು ಬಿಗಿಯುತ್ತಿದ್ದವನು ನೀನೇ. ಬಿಗಿದವನೇ ಹೊರಗೆ ಹೋಗಿಬಿಡುತ್ತಿದ್ದೆ, ಮಗಳು ಬಿದ್ದರೆ ನೋಡಲಾರೆ ಎಂದು. ಚಾಂಪಿಯನ್ ಆದ ದಿನವೂ ಬೀದಿಯಲ್ಲಿ ನಿಂತು ಬರೀ ಚಪ್ಪಾಳೆ ಕೇಳಿಸಿಕೊಂಡೆ. ಒಳಗೆ ಅಷ್ಟೂ ಜನ ಎದ್ದು ನಿಂತಿದ್ದರು, ನಾನು ನಿನ್ನ ಖಾಲಿ ಕುರ್ಚಿ ನೋಡುತ್ತಿದ್ದೆ. ಸಂತೋಷಕ್ಕೆ ಅತ್ತಳು ಎಂದು ಪೇಪರಿನವರು ಬರೆದರು. ಈ ಸೇತುವೆಯನ್ನು ಬೀಳದ ಹಾಗೆ ಕಟ್ಟಿದ್ದೇನೆ. ಒಂದೇ ಒಂದು ಸಲ ಬಂದು ನೋಡು, ಅಪ್ಪ.