ನಿನ್ನಪ್ಪನ ಕಾಫಿ ಬಟ್ಟಲು

ಸ್ವೀಟ್‌ಗಮ್ ಹಳ್ಳ, ಜಾರ್ಜಿಯಾ
ಅಕ್ಟೋಬರ್ ೧೯, ೧೯೭೧

ನನ್ನ ಕಂದ ವರ್ನೀಸ್‌ಗೆ, ಅಮ್ಮನ ಮುತ್ತುಗಳು.

ಚೊಚ್ಚಲ ಹೆರಿಗೆಗೆ ಡೆಟ್ರಾಯಿಟ್‌ನಿಂದ ಮನೆಗೆ ಬರುತ್ತೇನೆಂದು ನೀನು ಎರಡು ಸಲ ಬರೆದೆ. ಎರಡು ಸಲವೂ ಸೂರು ಸೋರುತ್ತದೆಂದು ನಾನೇ ತಪ್ಪಿಸಿದೆ. ಸೂರು ಗಟ್ಟಿಯಾಗಿಯೇ ಇದೆ, ಮಗಳೇ.

ಜಿಲ್ಲಾ ಕಚೇರಿಯವರ ಪ್ರಕಾರ ನಮ್ಮೂರಲ್ಲಿ ಈಗ ಯಾರೂ ವಾಸವಿಲ್ಲವಂತೆ, ಅದಕ್ಕೇ ರಸ್ತೆ ಮುಚ್ಚುತ್ತಾರಂತೆ. ಕಚೇರಿಗೆ ತೋರಿಸಲು ಇಲ್ಲಿಯ ದಿನದಿನದ ಬದುಕು ಬರೆದಿಡು ಎಂದು ಚರ್ಚಿನವರು ನನಗೊಂದು ನೋಟ್‌ಬುಕ್ ಕೊಟ್ಟಿದ್ದಾರೆ. ಬರೆಯುತ್ತಿದ್ದೇನೆ. ಕೊಚ್ಚಿಹೋದ ಸೇತುವೆಯನ್ನು ಗಂಡಸರೇ ಪೈನ್ ದಿಮ್ಮಿ ಹಾಕಿ ಕಟ್ಟಿದರು. ಕಬ್ಬಿನ ಹಾಲು ಕಾಯಿಸುವ ವಾಸನೆ ಊರೆಲ್ಲ. ಕೌದಿ ಹೊಲಿಯುವ ಜಿಪೋರಾ ಅಜ್ಜಿಗೆ ತೊಂಬತ್ತು ಎಂದು ಬರೆದದ್ದಕ್ಕೆ, ತನಗೆ ಎಂಬತ್ತೆಂಟೇ ಎಂದು ಜಗಳ.

ಈಗ ನಿಜ ಹೇಳುತ್ತೇನೆ. ಮಾರ್ಚ್‌ನಲ್ಲಿ ನಿನ್ನಪ್ಪನನ್ನು ಮಣ್ಣು ಮಾಡಿದಾಗ, ಅವನು ಕೊನೆಯ ಕಾಫಿ ಕುಡಿದ ಬಟ್ಟಲನ್ನು ಗೋರಿಯ ಮೇಲಿಡುವುದು ನನ್ನ ಪಾಲಿಗೆ ಬಂತು. ತಳ ಒಡೆದೇ ಇಡಬೇಕು; ಇಲ್ಲದಿದ್ದರೆ ಸತ್ತವನು ಮನೆಯವರನ್ನು ಒಬ್ಬೊಬ್ಬರಾಗಿ ಕರೆದುಕೊಳ್ಳುತ್ತಾನೆ. ಒಡೆದೆ ಎಂದು ಎಲ್ಲರಿಗೂ ಹೇಳಿದೆ. ಒಡೆದಿರಲಿಲ್ಲ. ಅವನ ಬೆರಳಿಗೆ ಅದರ ಹಿಡಿ ಸವೆದಿತ್ತು, ನನಗೆ ಕೈ ಬರಲಿಲ್ಲ. ತಳ ಕಾಣದಂತೆ ಮಣ್ಣಿನಲ್ಲಿ ಊರಿ ಬಂದೆ.

ಜೂನ್‌ನಲ್ಲಿ ನಮ್ಮ ನಾಯಿ ಸತ್ತಿತು. ಆಗಸ್ಟ್‌ನಲ್ಲಿ ನಿನ್ನ ಮೋಝೆಲ್ ಅತ್ತೆ, ಅಷ್ಟು ಗಟ್ಟಿಮುಟ್ಟಾಗಿದ್ದವಳು, ಅಲಸಂದೆ ಸುಲಿಯುತ್ತ ಕುಳಿತವಳು ತಲೆಯೆತ್ತಿ, "ಬಂದೆ ಇರೋ, ಅಣ್ಣಾ" ಅಂದಳು. ಮಡಿಲಿನ ಕಾಳೆಲ್ಲ ಚೆಲ್ಲಿತು. ಅವಳು ಜ್ವರ ಬಂದು ತೀರಿಹೋದಳೆಂದು ನಿನಗೆ ಬರೆದಿದ್ದೆ. ಅವಳನ್ನು ಹೂಳುವ ದಿನ ಬಟ್ಟಲು ನೋಡಿದೆ. ತಿಂಗಳಿಂದ ಮಳೆಯಿಲ್ಲ, ಒಳಗೆ ಒದ್ದೆ.

ನಿನ್ನೆ ಜಿಪೋರಾ ಅಜ್ಜಿಯ ಮುಂದೆ ಒಪ್ಪಿಕೊಂಡೆ. ಅವಳು ಬೈಯಲಿಲ್ಲ, ಸೂಜಿ ಕೆಳಗಿಟ್ಟಳು. "ಅವನನ್ನ ಹೋಗೋಕೆ ನೀನೇ ಬಿಡ್ತಿಲ್ಲ ಕಣೇ," ಅಂದಳು. "ಒಬ್ನೇ ಇರೋಕಾಗ್ದೆ ಕರೀತಾನೆ. ಮುಂದೆ ಯಾರು ಅಂತ ನಿನ್ನ ಕೇಳ್ಕೊಂಡು ಕರೀತಾನಾ?"

ಇನ್ನು ಉಳಿದವರು ನಾನು, ನೀನು, ನಿನ್ನ ಹೊಟ್ಟೆಯಲ್ಲಿರುವುದು. ನನ್ನನ್ನು ಕರೆದಿದ್ದರೆ ಸಂತೋಷದಿಂದ ಹೋಗುತ್ತಿದ್ದೆ. ನಿಮ್ಮಿಬ್ಬರಿಗೆ ಏನಾಗುವುದೋ ಎಂಬ ಭಯದಿಂದ ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ.

ಇವತ್ತು ಬೆಳಿಗ್ಗೆ ಕಲ್ಲು ತೆಗೆದುಕೊಂಡು ಹೋಗಿ ಒಡೆದೆ. ಒಂದೇ ಏಟಿಗೆ ತಳ ಬಿಟ್ಟಿತು. ಅಲ್ಲೇ ಕುಳಿತು ಮನಸಾರೆ ಅತ್ತುಬಿಟ್ಟೆ. ಇನ್ನು ಹೆದರಿಕೆಯಿಲ್ಲ, ಬಾ. ಶನಿವಾರದ ಬಸ್ಸು ಹಿಡಿ, ಸೇತುವೆಯ ಹತ್ತಿರ ಕಾಯುತ್ತಿರುತ್ತೇನೆ.

ನಿನ್ನ ದಾರಿ ನೋಡುತ್ತಿರುವ ಅಮ್ಮ,
ಐಡೆಲ್ಲಾ

ಮ.ವಿ.: ಒಂದು ಮಾತನ್ನು ಅಜ್ಜಿಗೂ ಹೇಳಲಿಲ್ಲ. ಮಾರ್ಚ್‌ನಿಂದ ದಿನಾ ಬೆಳಿಗ್ಗೆ ಗೋರಿಗೆ ಹೋಗಿ ಆ ಬಟ್ಟಲಿಗೆ ಬಿಸಿ ಕಾಫಿ ಹಾಕಿ, ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆ. ಮತ್ತೆ ನೋಡಿದರೆ ಖಾಲಿ; ಒಳಗಿದ್ದ ಒದ್ದೆ ಆ ಕಾಫಿಯದೇ. 'ಎಲ್‌ಬರ್ಟ್ ಕಾಫಿ ಕುಡಿದ' ಎಂದು ನೋಟ್‌ಬುಕ್‌ನಲ್ಲಿ ಊರವರ ಜೊತೆ ನಿನ್ನಪ್ಪನದ್ದನ್ನೂ ಬರೆದಿದ್ದೇನೆ. ಇವತ್ತು ಕಾಫಿ ನನ್ನ ಕೈಯಲ್ಲೇ ತಣ್ಣಗಾಯಿತು, ಅದನ್ನೂ ಬರೆದೆ. ಕಚೇರಿಯವರು ಏನಾದರೂ ಅಂದುಕೊಳ್ಳಲಿ, ಒಂದು ಸಾಲನ್ನೂ ಹೊಡೆದುಹಾಕುವುದಿಲ್ಲ.