ನನ್ನ ಜಾಗಕ್ಕೆ ನಳಿನಿ ಬಂದಾಗ

ನನ್ನ ಅಣ್ಣಾ,

ನೀನು ಬದುಕಿದ್ದಾಗ ನಿನಗೊಂದು ಚೀಟಿಯನ್ನೂ ಬರೆದವಳಲ್ಲ ನಾನು. ಗಂಡನ ಮನೆಯ ಗಡಹಿಂಗ್ಲಜದಿಂದ ನಿಮ್ಮ ಇಚಲಕರಂಜಿಗೆ ಬಸ್ಸಿತ್ತು, ಮನಸ್ಸಾದಾಗ ಬಂದುಬಿಡುತ್ತಿದ್ದೆ. ಈಗ ಬರೆಯದೆ ದಾರಿಯಿಲ್ಲ. ನಿನಗೆ ಹೇಳಿದ ಒಂದು ಸುಳ್ಳು ನನ್ನಲ್ಲೇ ಉಳಿದುಹೋಗಿದೆ.

ಕೊಲ್ಹಾಪುರದಿಂದ ನೀನು ಮೊದಲ ಇಂಗ್ಲಿಷ್ ಕ್ಯಾಸೆಟ್ ತಂದ ದಿನ ನೆನಪಿದೆಯಾ? ಮಗ್ಗ ರಿಪೇರಿ ಮುಗಿಸಿ ಬಂದಿದ್ದೆ, ನಿನ್ನ ತಲೆಯಲ್ಲಿನ್ನೂ ಹತ್ತಿಯ ಧೂಳು. "ಕಸ್ತೂ, ಒಂದು ಬಾಜೂ ಪೂರಾ ಒಂದs ಹಾಡು! ಇಪ್ಪತ್ತು ಮಿನಿಟು!" ಎಂದು ಕುಣಿದೆ. ಅವ್ವ, "ದಿನಾ ಮಗ್ಗದ ಸಪ್ಪಳ ಕೇಳಿ ಸಾಕಾಗಿಲ್ಲೇನೋ ನಿನಗ?" ಎಂದಳು. ನೀನು ಗಿಟಾರ್ ಹಿಡಿದೆ, ನೆರೆಮನೆಯ ದಸ್ತಗೀರ ಮಾಮಾ ಢೋಲಕಿ ಹಿಡಿದ. ನಾಲ್ಕು ನಾಲ್ಕು ಎಣಿಸುತ್ತ ಇಬ್ಬರೂ ಪ್ರತಿ ಸಲ ಅದೇ ಜಾಗದಲ್ಲಿ ಮುಗ್ಗರಿಸುತ್ತಿದ್ದಿರಿ. ಅಕ್ಕಿ ಆರಿಸುತ್ತ ಕೂತಿದ್ದ ನಾನು ಮೊರದ ಮೇಲೆ ಬೆರಳಾಡಿಸಿ, "ಅಣ್ಣಾ, ಇದು ಏಳು ಮಾತ್ರಿ ಐತಿ. ನಮ್ಮ ಭಜನಿಯೊಳಗಿನ ರೂಪಕ್ ತಾಳ" ಎಂದೆ. ನೀನು ನನ್ನ ಮುಖವನ್ನೇ ನೋಡಿದೆ. ಅವತ್ತೇ ನನ್ನನ್ನು ಹಾರ್ಮೋನಿಯಂ ಮುಂದೆ ಕೂರಿಸಿ ನಿಮ್ಮ ಬ್ಯಾಂಡಿಗೆ ಸೇರಿಸಿಕೊಂಡೆ. ಅಷ್ಟು ಸುಖ ನನಗೆ ಮುಂದೆ ಮದುವೆಯ ದಿನವೂ...

ನೀನು ತಗಡಿನ ಬಾಗಿಲ ಮೇಲೆ ಸೀಮೆಸುಣ್ಣದಿಂದ ಆ ಇಂಗ್ಲಿಷ್ ಬ್ಯಾಂಡುಗಳವರ ಹೆಸರು ಬರೆಯುತ್ತಿದ್ದೆ. ಹೊಸ ಕ್ಯಾಸೆಟ್ ಬಂದಾಗಲೆಲ್ಲ ಅರ್ಧ ಹೆಸರು ಅಳಿಸುತ್ತಿದ್ದೆ. "ಹಾಡಾವ ಬಿಟ್ಟು ಹೋಗ್ಯಾನ. ಈಗ ಡ್ರಮ್ ಬಾರಸಾವನs ಹಾಡಾಕತ್ತಾನ ನೋಡು!" ಎಂದು ಒಮ್ಮೆ ಬೆರಗಾಗಿ ಹೇಳಿದ್ದೆ. ಹೋದವರಿಗೆ ಬೇಸರವಾಗುವುದಿಲ್ಲವೇ ಎಂದು ನಾನು ಕೇಳಿದೆ. "ಮಂದಿ ಬರ್ತಾರ, ಹೋಗ್ತಾರ. ಬ್ಯಾಂಡ್ ಉಳಿಬೇಕು" ಎಂದೆ ನೀನು. ಆಗ ನಾನೂ ತಲೆಯಾಡಿಸಿದ್ದೆ. ಹೋಗುವವಳು ನಾನೇ ಎಂದು ಯಾರಿಗೆ ಗೊತ್ತಿತ್ತು?

ನಳಿನಿ ಬಂದದ್ದು ಒಂದು ಶುಕ್ರವಾರ, ಮಗ್ಗಗಳಿಗೆ ಸೂಟಿ ಇದ್ದ ದಿನ. ನಮ್ಮ ಜೊತೆ ನುಡಿಸಲೆಂದು ನೀನು ಕರೆಸಿದ್ದ, ಕೊಲ್ಹಾಪುರದ ಕನ್ನಡದವರ ಮನೆಯ ಹುಡುಗಿ. ಅವಳ ಕಾಕಾ ದುಬೈಯಿಂದ ತಂದುಕೊಟ್ಟ ಕೀಬೋರ್ಡನ್ನು ಮಗುವಿನ ಹಾಗೆ ಟಾವೆಲ್ಲಿನಲ್ಲಿ ಸುತ್ತಿ ತಂದಿದ್ದಳು. ಒಂದು ಗುಂಡಿ ಒತ್ತಿದರೆ ಪಿಟೀಲು, ಇನ್ನೊಂದಕ್ಕೆ ಕೊಳಲು. ನಾನು ತಿಂಗಳುಗಟ್ಟಲೆ ಕೂಡಿಸಿದ್ದ ಏಳು ಮಾತ್ರೆಯ ತುಣುಕನ್ನು ಅವಳು ಎರಡು ಸಲ ಕೇಳಿ ನುಡಿಸಿಬಿಟ್ಟಳು. "ಕಸ್ತೂ, ಚಾ ಮಾಡ್ತಿಯೇನ?" ಎಂದೆ ನೀನು. ಚಹಾ ತಂದಾಗ ನನ್ನ ಚಾಪೆಯ ಮೇಲೆ ಅವಳು ಕೂತಿದ್ದಳು. ಹಾರ್ಮೋನಿಯಂ ಗೋಡೆಗೆ ಸರಿದಿತ್ತು. ಅವಳ ಚಹಾಕ್ಕೆ ನಾನು ಸಕ್ಕರೆ ಹಾಕಿರಲಿಲ್ಲ. ಅವಳು ಏನೂ ಅನ್ನದೆ ಕುಡಿದಳು, ಅದಕ್ಕೂ ನನಗೆ ಸಿಟ್ಟು ಬಂತು.

ಮರುವರ್ಷ ನನ್ನನ್ನು ಗಡಹಿಂಗ್ಲಜಕ್ಕೆ ಕೊಟ್ಟಿರಿ. ಅದರ ಮುಂದಿನ ವರ್ಷ ನೀನು ಅವಳನ್ನೇ ಮದುವೆಯಾದೆ. ಬ್ಯಾಂಡಿನಲ್ಲಿ ನನ್ನ ಜಾಗ ಸಾಲಲಿಲ್ಲವೇ ಅವಳಿಗೆ, ಮನೆಯೂ ಬೇಕಾಯಿತೇ? ಹೀಗೆಲ್ಲ ಯೋಚಿಸಿದೆ. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಗಡಹಿಂಗ್ಲಜದ ಗಣಪತಿ ಮಂಡಳಿಯವರು ನಿಮ್ಮನ್ನು ಕರೆಸಿದ ದಿನ ನೀನು ಮಧ್ಯಾಹ್ನವೇ ನನ್ನ ಮನೆಗೆ ಬಂದೆ. "ನಳಿನಿಗೆ ಭಾಳ ಜ್ವರಾ ಬಂದೈತಿ, ಊರಾಗs ಅದಾಳ. ನೀ ಬಾ ಕಸ್ತೂ, ನಿಂದs ತುಣುಕು ಅದು." ನಾನು ತಲೆ ತಗ್ಗಿಸಿ, "ಅತ್ತಿ ಕಳಸೂದಿಲ್ಲಣ್ಣಾ" ಎಂದೆ. ಸುಳ್ಳು. ಅತ್ತೆ ಮುಂಜಾನೆಯೇ ನನ್ನ ರೇಷ್ಮೆ ಸೀರೆ ತೆಗೆದಿಟ್ಟು, "ಅಣ್ಣನ ಕಾರ್ಯಕ್ರಮ ಐತೆಲ್ಲವಾ, ಹೋಗು. ರೊಟ್ಟಿ ನಾ ಬಡಿತೇನಿ" ಎಂದಿದ್ದರು. ನಳಿನಿ ಇಲ್ಲದಾಗ ಜಾಗ ತುಂಬುವವಳಾಗಲು ನಾನು ತಯಾರಿರಲಿಲ್ಲ.

ಆದರೂ ಸಂಜೆ ಬಂದೆ, ಮಂದಿಯ ಹಿಂದೆ ಸೆರಗು ಹೊದ್ದು ನಿಂತೆ. ನೀನು, ದಸ್ತಗೀರ ಮಾಮಾ, ಇಬ್ಬರೇ. ನನ್ನ ತುಣುಕು ಬರಬೇಕಾದ ಕಡೆ ನೀನು ಗಿಟಾರ್ ನಿಲ್ಲಿಸಿದೆ. ಬರೀ ಢೋಲಕಿ ಏಳು ಎಣಿಸುತ್ತ ಹೋಯಿತು. ಜನ ನಕ್ಕರು, ಯಾರೋ ಸಿಳ್ಳೆ ಹೊಡೆದರು. ಒಂದು ಗಳಿಗೆ ನನಗೆ ಖುಷಿಯಾಯಿತು ಅಣ್ಣಾ. ಆಮೇಲೆ ನಿನ್ನ ಮುಖ ನೋಡಿದೆ...

ಆರು ತಿಂಗಳಿಗೆ ಕಾಮಾಲೆ ನಿನ್ನನ್ನು ಒಯ್ದಿತು. ಹೇಳುತ್ತೇನೆ, ಹೇಳುತ್ತೇನೆ ಅನ್ನುವಷ್ಟರಲ್ಲಿ ನೀನಿರಲಿಲ್ಲ.

ವರ್ಷದ ಮೇಲೆ ನಳಿನಿ ಕೀಬೋರ್ಡ್ ಹೊತ್ತು ನಮ್ಮ ಮನೆಗೆ ಬಂದಳು. ನಾನು ತಡೆಯಲಾರದೆ ಸುಳ್ಳಿನ ಸಂಗತಿ ಹೇಳಿಬಿಟ್ಟೆ. ಗಂಡನ ತಂಗಿಯನ್ನು ಮರಾಠಿಯಲ್ಲಿ ಕರೆಯುವ ಹಾಗೆ ನನ್ನನ್ನು ವನ್ಸಂ ಅನ್ನುತ್ತಾಳಲ್ಲ, ಹಾಗೇ ಅಂದಳು: "ವನ್ಸಂ, ಅವರಿಗೆ ಗೊತ್ತಿತ್ತು. ಅವತ್ತs ಸಂಜಿಮುಂದ ನಿಮ್ಮ ಅತ್ತಿಯವರು ಪೇಟ್ಯಾಗ ಭೆಟ್ಟಿಯಾಗಿ, ಕಸ್ತೂರಿನ್ನ ಯಾಕ ಕರಕೊಂಡು ಹೋಗಲಿಲ್ಲ ಅಂತ ಕೇಳಿದ್ರಂತ. ನೀವು ಹಿಂದ ನಿಂತಿದ್ದು ಸ್ಟೇಜಿನ ಮ್ಯಾಲಿಂದ ನೋಡಿದ್ರು. ಬರತೀರಿ ಅಂತ ಗಿಟಾರ್ ನಿಲ್ಲಿಸಿ ಕಾಯ್ದರು."

ಅವಳು ಮುಂದುವರಿಸಿದಳು: "ನನಗೆಷ್ಟು ಸಿಟ್ಟು ಬಂದಿತ್ತು ಗೊತ್ತೈತೇನ್ರಿ? ನಾ ತಪ್ಪಿದ್ರ ಗಿಟಾರ್ ಬಾರಿಸಿ ಮುಚ್ಚಿಬಿಡತಿದ್ರು. ನನ್ನ ಸಲುವಾಗಿ ಅವರು ಯಾವತ್ತೂ ಜಾಗಾ ಖಾಲಿ ಬಿಡಲಿಲ್ಲ."

ಇಷ್ಟು ವರ್ಷ ಅವಳೂ ನನ್ನ ಮೇಲೆ ಉರಿದುಕೊಂಡೇ ಇದ್ದಳೇ? ಅವತ್ತು ಇಬ್ಬರೂ ಒಂದೇ ತಾಟಿನಲ್ಲಿ ಉಂಡೆವು.

ನಿನಗೆ ಗೊತ್ತಿಲ್ಲದ ಸುದ್ದಿ ಇದು. ಹೋದ ವಾರ ಇಲ್ಲಿಯ ಹುಡುಗಿಯರ ಶಾಲೆಯ ಗ್ಯಾದರಿಂಗಿನಲ್ಲಿ, ಅದೇ ವಾರ್ಷಿಕೋತ್ಸವದಲ್ಲಿ, ನಾವು ಆ ಉದ್ದ ಹಾಡನ್ನೇ ಬಾರಿಸಿದೆವು. ಅವಳು ಕೀಬೋರ್ಡ್, ನಾನು ಹಾರ್ಮೋನಿಯಂ, ದಸ್ತಗೀರ ಮಾಮಾನ ಮಗಳು ಢೋಲಕಿ. ಇಪ್ಪತ್ತು ಮಿನಿಟು ಯಾರೂ ಎದ್ದುಹೋಗಲಿಲ್ಲ. ಮುಗಿದ ಮೇಲೆ ಮುಖ್ಯ ಶಿಕ್ಷಕಿ ಹೆಡ್‌ಬಾಯಿ ಮೈಕ್ ಹಿಡಿದು, "ತುಮಚಾ ಪ್ರಮುಖ್ ಕೋಣ?" ಎಂದು ಕೇಳಿದರು, ನಿಮ್ಮಲ್ಲಿ ಮುಖ್ಯಸ್ಥರು ಯಾರು ಅಂತ. ನಳಿನಿ ನನ್ನ ಬೆನ್ನು ತಟ್ಟಿ ಮುಂದೆ ದೂಡಿದಳು. ನಾನು ಅವಳ ಕೈ ಹಿಡಿದೆಳೆದು, "ಇವರು, ನಮ್ಮ ವೈನಿ, ನಮ್ಮಣ್ಣನ ಹೇಣ್ತಿ" ಎಂದೆ.

ಹೇಳುವಾಗ ಹೊಟ್ಟೆಯಲ್ಲಿ ಸ್ವಲ್ಪ ಉರಿಯಿತು ಅಣ್ಣಾ. ಇನ್ನು ನಿನಗೆ ಸುಳ್ಳು ಹೇಳುವುದಿಲ್ಲ.

ನಿನ್ನ ಕಸ್ತೂ