ಹಾಡು ಮುಗಿದ ಮೇಲಿನ ಜಾಗ

ಶೆಫೀಲ್ಡ್, ೧೨ ನವೆಂಬರ್ ೨೦೦೪, ಶುಕ್ರವಾರ

ಟ್ರೆವರನ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಸಂಜೆ ಟೀವಿಯಲ್ಲಿ ಒಣಗಣ್ಣು ಒರೆಸಿಕೊಂಡು, ‘ಡಂಕನ್ ನನಗೆ ಮಗ ಇದ್ದ ಹಾಗಿದ್ದ’ ಅಂದ. ಥೂ!

ಡಂಕನ್ ನಮ್ಮ ಬ್ಯಾಂಡಿನ ಹಾಡುಗಾರ, ಆಗ ಮ್ಯಾನೇಜರ್ ಇವನೇ. ಎಂಬತ್ತೊಂದರ ಚಳಿಗಾಲ. ಡಂಕನ್‌ನ ಮೈ ಕೆಂಡದ ಹಾಗೆ ಸುಡುತ್ತಿತ್ತು, ಉಸಿರು ಎಳೆಯಲು ಆಗುತ್ತಿರಲಿಲ್ಲ. ಇವನು ವ್ಯಾನಿನ ಬಾಗಿಲು ತೆಗೆದು ಅಂದದ್ದು ಒಂದೇ ಮಾತು: ‘ನಾಟಕ ಸಾಕು ಕಣೋ, ಎದ್ದು ಹಾಡು.’ ಡಂಕನ್ ಎದ್ದು ಹಾಡಿದ. ಆ ವಾರವೇ ಸತ್ತ. ಇಪ್ಪತ್ಮೂರರ ವಯಸ್ಸು.

ಈಗ ಆ ಹಳೇ ರೆಕಾರ್ಡ್ ಮತ್ತೆ ಬರುತ್ತಿದೆ. ಹಾಡು ಮುಗಿದ ಮೇಲೆ ರೆಕಾರ್ಡ್ ತಟ್ಟೆಯ ನಡುವೆ, ಲೇಬಲ್ಲಿನ ಸುತ್ತ ಉಳಿಯುವ ಖಾಲಿ ಸುತ್ತಿನಲ್ಲಿ ಒಂದು ಸಾಲು ಗೀಚುವುದು ಆಗಿನಿಂದಲೂ ನಮ್ಮವರ ಚಾಳಿ. ಕೊಂಡವರು ಮೊದಲು ಅದನ್ನೇ ಬೆಳಕಿಗೆ ಓರೆ ಹಿಡಿದು ಓದುತ್ತಾರೆ. ಹೋದ ತಿಂಗಳು ಟ್ರೆವರನೇ ಫೋನ್ ಮಾಡಿದ್ದ: ‘ಆ ಸಾಲು ನೀನೇ ಕೊಡು ಜಿಲಿಯನ್. ಡಂಕನ್ ಪಕ್ಕ ನಿಂತು ಬೇಸ್ ಗಿಟಾರ್ ನುಡಿಸಿದವಳು ನೀನು. ಓದಿದವರಿಗೆ ಕಣ್ಣೀರು ಬರ್ಬೇಕು.’

ಕೊಟ್ಟೆ. ಅವತ್ತು ವ್ಯಾನಿನ ಬಾಗಿಲಲ್ಲಿ ಟ್ರೆವರ್ ಆಡಿದ ಮಾತನ್ನೇ ಕೊಟ್ಟೆ, ಕೆಳಗೆ ಅವನ ಹೆಸರು ಹಾಕಿಸಿ.

ಇವತ್ತು ರೆಕಾರ್ಡುಗಳು ಅಂಗಡಿಗೆ ಬಂದಿವೆ. ಅವನು ಪೆಟ್ಟಿಗೆ ಕೂಡ ಬಿಚ್ಚಿ ನೋಡಿಲ್ಲ. ‘ನಾಳೆ ಒಂದೊಂದಕ್ಕೂ ನಾನೇ ಸಹಿ ಹಾಕ್ತೀನಿ ಕಣೇ’ ಅಂತ ಕುಣಿಯುತ್ತಿದ್ದಾನೆ.

ಹಾಕಲಿ. ಪೆನ್ನು ನಾನೇ ಒಯ್ದು ಕೊಡ್ತೀನಿ.